ಹವೆ ತಿರುಗಿದ ಹೊತ್ತಿನಲ್ಲಿ ಗಾಳದ ಸ್ಪರ್ಧೆ

ಕೇಳುಗರೆಲ್ಲರಿಗೂ ನಮಸ್ಕಾರ.

ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲೋ, ಹಾವೇರಿ ಜಿಲ್ಲೆಯ ವರದಾ, ತುಂಗಭದ್ರಾ ನದಿಗಳ ದಡದಲ್ಲೋ ಗಾಳ ಹಾಕಿ ಕೂಡುವವರಿಗೆ ಒಂದು ಅನುಭವ ಹೊಸದಲ್ಲ. ಮೇ ತಿಂಗಳ ಸಂಜೆ ಮೋಡ ಕಟ್ಟಿ, ಗಾಳಿ ಏಳುವುದಕ್ಕೆ ಮುಂಚಿನ ಅರ್ಧ ತಾಸಿನಲ್ಲಿ ಮೀನು ಎರೆಗೆ ಬೀಳುವ ರಭಸವೇ ಬೇರೆ. ಮಳೆ ಹೋಗಿ ಆಕಾಶ ತಿಳಿಯಾದ ಮರುದಿನ ಅದೇ ಜಾಗದಲ್ಲಿ ಮಧ್ಯಾಹ್ನದವರೆಗೆ ಕುಳಿತರೂ ದಾರ ಮಿಸುಕದೆ ಇರಬಹುದು. ಕುಳಿತವರಿಗೆ ಇದರಿಂದಾಗುವ ನಷ್ಟ ಒಂದು ಹೊತ್ತಿನ ಸಾರು, ಅಷ್ಟೆ. ಆದರೆ ಹವೆಯ ಇದೇ ಏರುಪೇರಿನ ನಡುವೆ ಮೂರು ಲಕ್ಷ ಡಾಲರ್ ಬಹುಮಾನಕ್ಕಾಗಿ ಮೀನು ಹಿಡಿಯುವವರು ಅಮೆರಿಕದಲ್ಲಿದ್ದಾರೆ. ಬಾಸ್ ಮೀನಿನ ಆ ಸ್ಪರ್ಧೆಗಳಲ್ಲಿ ಹವಾಮಾನವನ್ನು ಹೇಗೆ ಓದುತ್ತಾರೆ ಎಂಬುದೇ ಇಂದಿನ ಮಾತಿನ ವಿಷಯ.

ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಹಸಿರು ಬೆನ್ನು, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟಿ, ಮುಚ್ಚಿದಾಗಲೂ ದವಡೆಯ ತುದಿ ಕಣ್ಣಿನ ಹಿಂದಕ್ಕೆ ಚಾಚುವಷ್ಟು ದೊಡ್ಡ ಬಾಯಿ. ಮುಳುಗಿದ ಮರದ ಬೊಡ್ಡೆ, ಜೊಂಡು, ಕಲ್ಲಿನ ಸಂದಿ ಇವುಗಳ ಮರೆಯಲ್ಲಿ ಹೊಂಚಿ ನಿಂತು, ಎದುರಿಗೆ ಹಾದ ಸಣ್ಣ ಮೀನನ್ನು ಗಕ್ಕನೆ ಒಳಗೆಳೆದುಕೊಳ್ಳುತ್ತದೆ. ನಮ್ಮ ಕೆರೆಗಳ ಕೊರವ ಮೀನನ್ನು ಬಲ್ಲವರಿಗೆ ಈ ಸ್ವಭಾವವನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನಿಂದ ಇದನ್ನು ತಂದು ಬಿಟ್ಟುಕೊಂಡ ಜಪಾನಿನಲ್ಲಿ ಇದು ಅಲ್ಲಿಯ ಮೂಲ ಮೀನುಗಳಿಗೆ ಕಂಟಕವಾದುದರಿಂದ, ಪರವಾನಗಿ ಇಲ್ಲದೆ ಇದನ್ನು ಸಾಕುವುದನ್ನೂ ಜೀವಂತ ಸಾಗಿಸುವುದನ್ನೂ 2005ರಲ್ಲಿ ಕಾನೂನಿನಿಂದಲೇ ನಿಷೇಧಿಸಬೇಕಾಯಿತು.

ಇಂಥ ಸ್ಪರ್ಧೆಗಳಿಗೆ ಇಂದಿನ ರೂಪ ಕೊಟ್ಟ ರೇ ಸ್ಕಾಟ್ ವಿಮೆ ಮಾರುತ್ತಿದ್ದ ಮನುಷ್ಯ. ಮಳೆಯಿಂದಾಗಿ ಮೀನು ಹಿಡಿಯುವ ಕಾರ್ಯಕ್ರಮ ಕೆಟ್ಟು, ವಸತಿಗೃಹದ ಕೋಣೆಯಲ್ಲಿ ಸುಮ್ಮನೆ ಕುಳಿತಿದ್ದಾಗಲೇ ಆತನಿಗೆ ಈ ಆಲೋಚನೆ ಹೊಳೆಯಿತಂತೆ. 1967ರ ಜೂನ್‌ನಲ್ಲಿ ಆರ್ಕನ್ಸಾ ರಾಜ್ಯದ ಬೀವರ್ ಸರೋವರದಲ್ಲಿ ಆತ ಮೊದಲ ಸ್ಪರ್ಧೆಯನ್ನು ನಡೆಸಿದ. ನಿಯಮಗಳು ಹೆಚ್ಚುಕಡಿಮೆ ಹೀಗಿವೆ: ಜೀವಂತ ಎರೆ ಬಳಸುವಂತಿಲ್ಲ, ಲೋಹ, ಪ್ಲಾಸ್ಟಿಕ್, ರಬ್ಬರಿನ ಹುಸಿ ಎರೆಗಳನ್ನೇ ಬಳಸಬೇಕು, ದಿನಕ್ಕೆ ಐದು ಮೀನುಗಳ ತೂಕ ಮಾತ್ರ ಲೆಕ್ಕಕ್ಕೆ ಬರುತ್ತದೆ, ತೂಕದ ಕಟ್ಟೆಗೆ ತಡವಾಗಿ ಬಂದರೆ ನಿಮಿಷಕ್ಕೆ ಒಂದು ಪೌಂಡಿನಂತೆ ಕಡಿತ. ಸ್ಪರ್ಧೆಗೆ ಮುಂಚೆ ಅಭ್ಯಾಸಕ್ಕೆ ಕೆಲವು ದಿನಗಳನ್ನು ಕೊಡುತ್ತಾರೆ. ಸ್ಪರ್ಧಾಳು ಸರೋವರವನ್ನೆಲ್ಲ ಸುತ್ತಿ, ಮೀನು ಯಾವ ಆಳದಲ್ಲಿ, ಯಾವ ಮರೆಯಲ್ಲಿ, ಯಾವ ಬಣ್ಣದ ಎರೆಗೆ ಬೀಳುತ್ತಿದೆ ಎಂದು ಗುರುತು ಹಾಕಿಕೊಳ್ಳುತ್ತಾನೆ. ತೊಡಕು ಇರುವುದು ಇಲ್ಲಿಯೇ. ಅಭ್ಯಾಸ ನಡೆದ ಹವೆ ಒಂದು, ಸ್ಪರ್ಧೆ ನಡೆಯುವ ಹವೆ ಇನ್ನೊಂದು ಆದರೆ, ಆ ಗುರುತುಗಳಲ್ಲಿ ಅರ್ಧಕ್ಕರ್ಧ ಹಳಸಿಹೋಗಿರುತ್ತವೆ.

ಅಮೆರಿಕದಲ್ಲಿ ವಸಂತ ಮತ್ತು ಶರತ್ಕಾಲಗಳಲ್ಲಿ ವಾಯವ್ಯದಿಂದ ತಣ್ಣನೆಯ ಗಾಳಿಯ ರಾಶಿ ಮೇಲಿಂದ ಮೇಲೆ ಇಳಿದು ಬರುತ್ತದೆ. ಅದು ಬರುವ ಮುನ್ನ ಮೋಡ, ತೆಂಕಣ ಗಾಳಿ, ಕುಸಿಯುವ ವಾಯುಭಾರ. ಆಗ ಬಾಸ್ ಮರೆ ಬಿಟ್ಟು ಅಡ್ಡಾಡುತ್ತ, ವೇಗವಾಗಿ ಓಡುವ ಎರೆಯನ್ನೂ ಬೆನ್ನಟ್ಟಿ ಹಿಡಿಯುತ್ತದೆ. ಅದು ದಾಟಿದ ಮೇಲೆ ನಿರಭ್ರ ನೀಲಿ ಆಕಾಶ, ಏರಿದ ವಾಯುಭಾರ; ಆಗ ಮೀನು ಬಾಯಿ ಹೊಲಿದುಕೊಂಡಂತೆ ಇರುತ್ತದೆ. ವಾಯುಭಾರವೇ ಇದಕ್ಕೆಲ್ಲ ಕಾರಣ ಎಂಬ ನಂಬಿಕೆ ಗಾಳ ಹಾಕುವವರಲ್ಲಿ ಬಲವಾಗಿದೆ. ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ವಾಯುಭಾರ ಹತ್ತು ಮಿಲಿಬಾರ್ ಬದಲಾದರೆ ಮೀನಿನ ಮೇಲೆ ಬೀಳುವ ಒತ್ತಡದ ವ್ಯತ್ಯಾಸ ಸುಮಾರು 10 ಸೆಂಟಿಮೀಟರ್ ನೀರಿನದಷ್ಟೇ. ಅಂದರೆ ಮೀನು ಒಂದು ಗೇಣಿಗೂ ಕಡಿಮೆ ಮೇಲೆ ಕೆಳಗೆ ಸರಿದರೆ ಸರಿಹೋಗುವಷ್ಟು. ದಿನಕ್ಕೆ ನೂರು ಸಲ ಅದಕ್ಕಿಂತ ಹೆಚ್ಚು ಏರಿಳಿಯುವ ಜೀವಿ ಇಷ್ಟಕ್ಕೆ ಉಪವಾಸ ಕೂಡುತ್ತದೆಂದರೆ ನಂಬುವುದು ಕಷ್ಟ. ವಾಯುಭಾರದ ಜೊತೆಗೇ ಬದಲಾಗುವ ಬೆಳಕು, ಗಾಳಿ ಮತ್ತು ನೀರಿನ ಬಿಸಿ ಇವುಗಳನ್ನು ಗಮನಿಸುವುದು ಹೆಚ್ಚು ಪ್ರಯೋಜನಕರವೆಂದು ನನ್ನ ಎಣಿಕೆ.

ಗಾಳಿಯನ್ನೇ ನೋಡಿ. ಅದು ಒಂದೇ ಕಡೆಗೆ ಕೆಲವು ತಾಸು ಬೀಸಿದರೆ ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮಜೀವಿಗಳು ಎದುರು ದಡಕ್ಕೆ ಸೇರುತ್ತವೆ, ಅವನ್ನು ತಿನ್ನುವ ಮರಿಮೀನುಗಳು ಅಲ್ಲಿಗೇ ಹೋಗುತ್ತವೆ, ಅವುಗಳ ಬೆನ್ನಿಗೆ ಬಾಸ್ ಬರುತ್ತದೆ. ಅಲೆ ಎದ್ದ ನೀರಿನಲ್ಲಿ ಬೆಳಕು ಚೂರಾಗುವುದರಿಂದ ಹೊಂಚು ಹಾಕುವವನಿಗೆ ಅನುಕೂಲ, ಎರೆಯ ನಕಲಿತನವೂ ಬೇಗ ಬಯಲಾಗುವುದಿಲ್ಲ. ಆದ್ದರಿಂದ ದೋಣಿ ನಿಲ್ಲಿಸುವುದೇ ಕಷ್ಟವಾದ, ಅಲೆ ಬಡಿಯುವ ದಡದಲ್ಲಿಯೇ, ತಗಡಿನ ಎಲೆ ಗಿರ್ರನೆ ತಿರುಗುವ ಎರೆಯನ್ನು ಬೀಸಿ ಬೀಸಿ ಎಳೆಯುತ್ತಾರೆ. ಗಾಳಿ ನಿಂತು ಬಿಸಿಲು ನೆತ್ತಿಗೇರಿದಾಗ ಆಟ ಪೂರ್ತಿ ತಿರುವುಮುರುವು. ಮೀನು ಬೊಡ್ಡೆಯ ನೆರಳಿಗೆ ಅಂಟಿಕೊಂಡಿರುತ್ತದೆ. ಮೊಳ ದೂರ ಬಿದ್ದ ಎರೆಗೆ ಅದು ಕದಲುವುದಿಲ್ಲ. ತೆಳುವಾದ ದಾರಕ್ಕೆ ಬೆರಳುದ್ದದ ರಬ್ಬರಿನ ಹುಳು ಕಟ್ಟಿ, ಮೀನಿನ ಮೂತಿಯ ಮುಂದೆಯೇ ಇಳಿಬಿಟ್ಟು, ತಳದಲ್ಲಿ ಅಲುಗಾಡಿಸದೆ ಬಿಟ್ಟು ಕಾಯಬೇಕು. ಗಡಿಯಾರ ಓಡುತ್ತಿರುವಾಗ ಹೀಗೆ ಕಾಯುವುದು ಎಲ್ಲರಿಗೂ ಆಗುವ ಕೆಲಸವಲ್ಲ.

ಮಳೆ ಸುರಿದು ಹಳ್ಳದ ಕೆಂಪು ನೀರು ಸರೋವರಕ್ಕೆ ನುಗ್ಗಿದಾಗ ರಾಡಿ ನೀರೂ ತಿಳಿನೀರೂ ಸಂಧಿಸುವ ಗೆರೆಯನ್ನು ಸ್ಪರ್ಧಾಳುಗಳು ಹುಡುಕುತ್ತಾರೆ. ವರದಾ ನದಿಗೆ ಹೊಸ ನೀರು ಬಂದಾಗ ನಮ್ಮ ಅಂಬಿಗರು ಬಲೆ ಹಾಕುವ ಜಾಗವನ್ನು ಬದಲಿಸುವುದಕ್ಕೂ ಇದಕ್ಕೂ ದೂರವೇನೂ ಇಲ್ಲ.

2015ರ ಫೆಬ್ರುವರಿಯಲ್ಲಿ ದಕ್ಷಿಣ ಕೆರೊಲಿನಾದ ಹಾರ್ಟ್‌ವೆಲ್ ಸರೋವರದಲ್ಲಿ ನಡೆದ, ಇಂಥ ಸ್ಪರ್ಧೆಗಳಲ್ಲಿ ಎಲ್ಲಕ್ಕಿಂತ ಹೆಸರಾದ ಬಾಸ್‌ಮಾಸ್ಟರ್ ಕ್ಲಾಸಿಕ್ ಪಂದ್ಯದಲ್ಲಿ ಕೊರೆಯುವ ಚಳಿಯಿಂದಾಗಿ ಮೊದಲ ದಿನ ದೋಣಿಗಳು ತಡವಾಗಿಯೇ ಹೊರಡಬೇಕಾಯಿತು. ಗೆದ್ದವನು ಅದೇ ರಾಜ್ಯದ ಕೇಸಿ ಆ್ಯಶ್ಲಿ. ಬಳಸಿದ್ದು ತಂದೆ ಕೈಯಾರೆ ಮಾಡಿಕೊಟ್ಟ ಎರೆ. ಸ್ಥಳೀಯನಾದುದರಿಂದ ಗೆದ್ದ ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ತಮ್ಮ ಊರಿನ ನೀರಿನಲ್ಲಿಯೇ ಸೋತವರೂ ಈ ಆಟದಲ್ಲಿ ಬೇಕಾದಷ್ಟು ಜನ ಇದ್ದಾರೆ, ಏಕೆಂದರೆ ಹಳೆಯ ನೆನಪುಗಳು ಹೆಚ್ಚಿದ್ದಷ್ಟೂ ಅವನ್ನು ಬಿಟ್ಟುಕೊಡುವುದು ಕಷ್ಟ.

ಹಿಡಿದ ಮೀನನ್ನು ಬದುಕಿಸಿ ತರುವುದೂ ಸ್ಪರ್ಧೆಯ ಭಾಗವೇ. 1972ರಿಂದ ರೇ ಸ್ಕಾಟ್ ಇದಕ್ಕೆ ಒತ್ತು ಕೊಟ್ಟ. ಸತ್ತ ಮೀನಿಗೆ ತೂಕದಲ್ಲಿ ಕಡಿತ ಉಂಟು, ತೂಗಿದ ಮೇಲೆ ಎಲ್ಲವನ್ನೂ ನೀರಿಗೆ ಬಿಡುತ್ತಾರೆ. 20 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಬಿಸಿಗೆ ಮೀನಿನ ಉಸಿರಾಟ ಮಾತ್ರ ಹೆಚ್ಚುತ್ತದೆ. ಹಾಗಾಗಿ ಮೋಡದ ಮುಂಜಾವಿನಲ್ಲಿ ಹಿಡಿದ ಮೀನು, ಮಧ್ಯಾಹ್ನ ಬಿಸಿಲು ಬಿರುಸಾದಾಗ ದೋಣಿಯ ತೊಟ್ಟಿಯಲ್ಲಿಯೇ ಸಾಯಬಹುದು. ತೊಟ್ಟಿಗೆ ಗಾಳಿ ಊದುವ ಪಂಪನ್ನು ನಿಲ್ಲಿಸದೆ, ಮಂಜುಗಡ್ಡೆ ಹಾಕಿ ನೀರನ್ನು ಮೆಲ್ಲಗೆ ತಂಪು ಮಾಡುತ್ತಾರೆ.

ಇನ್ನು ಸಿಡಿಲು. ಈಗಿನ ಗಾಳದ ಕೋಲುಗಳಲ್ಲಿ ಹೆಚ್ಚಿನವು ಕಾರ್ಬನ್ ನಾರಿನವು, ವಿದ್ಯುತ್ತನ್ನು ಚೆನ್ನಾಗಿ ಹರಿಸುವಂಥವು. ಬಯಲು ನೀರಿನ ನಡುವೆ ಅದನ್ನು ಎತ್ತಿ ಹಿಡಿದವನೇ ಎಲ್ಲಕ್ಕಿಂತ ಎತ್ತರದವನಾಗುತ್ತಾನೆ. ಸಿಡಿಲಿನ ಸೂಚನೆ ಇದ್ದರೆ ಸಂಘಟಕರು ದೋಣಿಗಳನ್ನು ತಡೆಹಿಡಿಯುತ್ತಾರೆ. ಆದರೆ ಎಂಟು ತಾಸಿನ ಆಟದ ನಡುವೆ ಮೈಲುಗಟ್ಟಲೆ ದೂರ ಹೋದವನು ತನ್ನ ನಿರ್ಧಾರ ತಾನೇ ಮಾಡಬೇಕಾಗುತ್ತದೆ, ಮತ್ತು ಸಿಡಿಲಿಗೆ ಮುಂಚಿನ ಆ ಗಳಿಗೆಯೇ ಮೀನು ಎರೆಗೆ ಮುಗಿಬೀಳುವ ಗಳಿಗೆಯೂ ಆಗಿರುತ್ತದೆ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಕೆರೆದಂಡೆಯಲ್ಲಿರುವವರೂ ಗುಡುಗು ಕೇಳಿಸಿದೊಡನೆ ಕೋಲನ್ನು ಕೆಳಗಿಟ್ಟು ಒಳ್ಳೆಯ ಸೂರಿನಡಿ ಸೇರಬೇಕು, ಒಂಟಿ ಮರದ ಕೆಳಗಲ್ಲ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಕಳೆದ ಮೇಲೆ ಮತ್ತೆ ದಂಡೆಗೆ ಹೋಗಬಹುದು. ನಮಸ್ಕಾರ.