ಕಾಲಿನ ಹೊರಗೆ ಯಾಕೆ ಈ ರಾಡು?
ಈಗ ನೀವು ನೋಡುತ್ತಿರುವುದು ನನ್ನ ಕಾಲು. ಚರ್ಮದಿಂದ ಹೊರಗೆ ಬಂದಿರುವ ಇವು ಪಿನ್‌ಗಳು. ಇವುಗಳ ಇನ್ನೊಂದು ತುದಿ ಮೂಳೆಯೊಳಗೆ ಇದೆ. ಹೊರಗಿನ ಈ ರಾಡು ಎಲ್ಲ ಪಿನ್‌ಗಳನ್ನೂ ಹಿಡಿದುಕೊಂಡಿದೆ. ಇದೇ ಎಕ್ಸ್‌ಟರ್ನಲ್ ಫಿಕ್ಸೇಟರ್, ಅಂದರೆ ಮುರಿದ ಮೂಳೆಯನ್ನು ಹೊರಗಿನಿಂದ ಹಿಡಿದಿಡುವ ಸಾಧನ.

"ಒಳಗೇ ಪ್ಲೇಟ್ ಹಾಕಬಹುದಿತ್ತು ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಮುರಿದ ಮೂಳೆ ಚರ್ಮ ಹರಿದುಕೊಂಡು ಬಂದಾಗ ಗಾಯದೊಳಗೆ ಮಣ್ಣು ಸೇರಿರುತ್ತದೆ, ಸುತ್ತಲಿನ ಮಾಂಸ ಜಜ್ಜಿಹೋಗಿರುತ್ತದೆ. ಅಲ್ಲಿ ಪ್ಲೇಟ್ ಇಟ್ಟು, ಸೋಂಕು ಆ ಲೋಹಕ್ಕೆ ಅಂಟಿಕೊಂಡರೆ ವಾಸಿ ಮಾಡುವುದು ತುಂಬಾ ಕಷ್ಟ. ಪ್ಲಾಸ್ಟರ್ ಸುತ್ತಿದರೆ ಗಾಯವೇ ಕಾಣುವುದಿಲ್ಲ. ಅದಕ್ಕೇ ಗಾಯದಿಂದ ದೂರ, ಗಟ್ಟಿ ಮೂಳೆಗೆ ಪಿನ್ ಹಾಕುತ್ತಾರೆ. ಮೂಳೆ ಅಲುಗಾಡುವುದಿಲ್ಲ. ಗಾಯ ತೊಳೆಯಲು, ಬೇಕಾದರೆ ಚರ್ಮ ಕಸಿ ಮಾಡಲು ಜಾಗ ಸಿಗುತ್ತದೆ. ಎಷ್ಟೋ ಜನರಿಗೆ ಊತ ಇಳಿದು ಗಾಯ ಚೊಕ್ಕಟವಾದ ಮೇಲೆ ಇದನ್ನು ತೆಗೆದು, ಒಳಗೆ ಪ್ಲೇಟೋ ರಾಡೋ ಹಾಕುತ್ತಾರೆ.

ಕೆಲವರಿಗೆ ಕೊನೆಯವರೆಗೂ ಹೊರಗಿನ ಫ್ರೇಮೇ. ಕಾಲಿನ ಸುತ್ತ ಉಂಗುರಗಳಿರುವ ಫ್ರೇಮ್ ನೋಡಿರಬಹುದು. 1950ರ ದಶಕದಲ್ಲಿ ಸೈಬೀರಿಯಾದ ಕುರ್ಗಾನ್‌ನಲ್ಲಿ ಡಾಕ್ಟರ್ ಇಲಿಜಾರೊವ್ ಅದನ್ನು ರೂಪಿಸಿದರು. ಸಣ್ಣ ತಂತಿಗಳನ್ನು ಮೂಳೆಯ ಮೂಲಕ ಹಾಯಿಸಿ ಉಂಗುರಕ್ಕೆ ಬಿಗಿಯುತ್ತಾರೆ. ಮೂಳೆಯ ಒಂದು ತುಂಡೇ ಹೋಗಿದ್ದರೆ, ಅದೇ ಮೂಳೆಯನ್ನು ಇನ್ನೊಂದು ಜಾಗದಲ್ಲಿ ಕತ್ತರಿಸಿ, ಆ ತುಂಡನ್ನು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಖಾಲಿ ಜಾಗದ ಕಡೆಗೆ ಸರಿಸುತ್ತಾರೆ. ಹಿಂದೆ ಉಳಿಯುವ ಸಂದಿಯಲ್ಲಿ ಹೊಸ ಮೂಳೆ ಬೆಳೆಯುತ್ತದೆ! ಇದನ್ನು ಓದಿದ ದಿನ ನನಗೆ ನಿದ್ದೆಯೇ ಬರಲಿಲ್ಲ. ಎತ್ತರ ಜಿಗಿತದ ಒಲಿಂಪಿಕ್ ಚಾಂಪಿಯನ್ ವಲೇರಿ ಬ್ರುಮೆಲ್ 1965ರಲ್ಲಿ ಬೈಕ್ ಅಪಘಾತದಲ್ಲಿ ಕಾಲು ಮುರಿದುಕೊಂಡರು. ಎಷ್ಟೋ ಆಪರೇಷನ್ ಆದರೂ ಮೂಳೆ ಕೂಡಲಿಲ್ಲ. ಕೊನೆಗೆ ಇಲಿಜಾರೊವ್ ಬಳಿ ಹೋದರು. ಆಮೇಲೆ ಮತ್ತೆ ಜಿಗಿದರು.

ಈಗ ಪಿನ್‌ಗಳ ಆರೈಕೆ. ಕೈ ತೊಳೆದುಕೊಂಡು, ಡಾಕ್ಟರ್ ಹೇಳಿದ ರೀತಿಯಲ್ಲೇ ಪ್ರತಿ ಪಿನ್‌ನ ಬುಡ ಒರೆಸುತ್ತೇನೆ. ಸ್ವಲ್ಪ ತಿಳಿನೀರು ಬಂದರೆ ಗಾಬರಿ ಬೇಡ. ಕೀವು ಬಂದರೆ, ಕೆಂಪು ಹರಡಿದರೆ, ನೋವು ಜಾಸ್ತಿಯಾದರೆ, ಪಿನ್ ಸಡಿಲವಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ನಟ್ಟುಗಳನ್ನು ಸುಮ್ನೆ ತಿರುಗಿಸಲು ಹೋಗಬೇಡಿ. ಸಿಗರೇಟ್ ಸೇದುವವರು ದಯವಿಟ್ಟು ಬಿಡಿ, ಮೂಳೆ ಕೂಡುವುದು ಅದರಿಂದ ನಿಧಾನವಾಗುತ್ತದೆ. ಪಾದ ಮತ್ತು ಬೆರಳುಗಳ ವ್ಯಾಯಾಮ ನೋವಾದರೂ ತಪ್ಪಿಸಬೇಡಿ. ಕೀಲು ಒಮ್ಮೆ ಬಿಗಿದುಕೊಂಡರೆ ಸಡಿಲಿಸಲು ತಿಂಗಳುಗಳೇ ಬೇಕು.