ಸತುವಿನ ಲೇಪವನ್ನು ನಂಬುವ ಮೊದಲು ನೀರನ್ನು ಪರೀಕ್ಷಿಸಿ

ಕೇಳುಗರಿಗೆ ನಮಸ್ಕಾರ. ಸಮುದ್ರದಿಂದ ಇಷ್ಟು ದೂರವಿರುವ ಕೋಲಾರದಲ್ಲಿ ಉಪ್ಪಿನಿಂದ ಕಂಬಿ ತುಕ್ಕು ಹಿಡಿಯುತ್ತದೆಯೇ ಎಂದು ಹಲವರು ಕೇಳುತ್ತಾರೆ. ಹಿಡಿಯುತ್ತದೆ. ವರ್ಷಪೂರ್ತಿ ಹರಿಯುವ ನದಿಯೇ ಇಲ್ಲದ ಈ ಜಿಲ್ಲೆಯಲ್ಲಿ ಮನೆ ಕಟ್ಟುವವರು ಕೊಳವೆಬಾವಿಯ ನೀರನ್ನೋ ಟ್ಯಾಂಕರಿನವರು ತಂದು ಸುರಿದ ನೀರನ್ನೋ ಕಾಂಕ್ರೀಟಿಗೆ ಕಲಸುತ್ತಾರೆ, ಆಮೇಲೆ ಕಾಂಕ್ರೀಟನ್ನು ತೇವವಾಗಿಡುವ ಕ್ಯೂರಿಂಗ್‌ಗೂ ಅದನ್ನೇ ಬಳಸುತ್ತಾರೆ. ಅದರಲ್ಲಿ ಕಂಬಿಗೆ ತುಕ್ಕು ತರುವ ಉಪ್ಪಿನ ಅಂಶವಾದ ಕ್ಲೋರೈಡ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿದ ಮಾಲೀಕರು ಅಪರೂಪ. ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನಕವಾದ ಐಎಸ್ 456 ಸಂಹಿತೆಯ ಪ್ರಕಾರ ಕಂಬಿಯಿಲ್ಲದ ಕಾಂಕ್ರೀಟಿನ ನೀರಿನಲ್ಲಿ ಲೀಟರಿಗೆ 2000 ಮಿಲಿಗ್ರಾಂವರೆಗೆ ಕ್ಲೋರೈಡ್ ಇರಬಹುದು. ಕಂಬಿ ಇದ್ದರೆ ಮಿತಿ 500 ಮಾತ್ರ.

ಈ ಭಯಕ್ಕೆ ಪರಿಹಾರವೆಂದು ಸತು ಲೇಪಿಸಿದ ಜಿಐ ಕಂಬಿಯನ್ನು ತೋರಿಸಲಾಗುತ್ತದೆ. ಅದರ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಬರಿಯ ಉಕ್ಕಿಗಿಂತ ಹೆಚ್ಚು ಕ್ಲೋರೈಡನ್ನು ಸತು ತಾಳಿಕೊಳ್ಳುತ್ತದೆ, ಲೇಪಕ್ಕೆ ಗೀರು ಬಿದ್ದ ಕಡೆ ತಾನೇ ಮೊದಲು ಕರಗಿ ಉಕ್ಕನ್ನು ಕಾಯುತ್ತದೆ, ಹಾಗೆ ಕರಗಿದ್ದು ಕಬ್ಬಿಣದ ತುಕ್ಕಿನಷ್ಟು ಉಬ್ಬುವುದಿಲ್ಲವಾದ್ದರಿಂದ ಕಾಂಕ್ರೀಟು ಬೇಗ ಸೀಳುವುದೂ ಇಲ್ಲ. ಆದರೆ ಇದು ಕಾಲಾವಕಾಶವೇ ಹೊರತು ಶಾಶ್ವತ ರಕ್ಷಣೆಯಲ್ಲ. ಲೇಪ ಸವೆದು ಮುಗಿದ ಮೇಲೆ ಒಳಗಿರುವುದು ಅದೇ ಉಕ್ಕು. ಅದರಲ್ಲೂ ಕಲಸುವ ನೀರಿನಲ್ಲೇ ಉಪ್ಪಿದ್ದರೆ, ಸತುವಿನ ಮೇಲೆ ರಕ್ಷಕ ಪದರ ಕಟ್ಟಿಕೊಳ್ಳುವ ಮೊದಲ ದಿನಗಳಲ್ಲೇ ಕ್ಲೋರೈಡಿನ ಕಾಟ ಶುರುವಾಗುತ್ತದೆ.

ನಿವೇಶನದಲ್ಲಿ ನಿಂತು ನೋಡಿದರೆ ಇನ್ನಷ್ಟು ತಿಳಿಯುತ್ತದೆ. ಬಾರ್ ಬೆಂಡರ್ ಕಂಬಿಯನ್ನು ಬಿಗಿಯಾಗಿ ಬಗ್ಗಿಸಿದ ತಿರುವಿನಲ್ಲಿ ಲೇಪ ಬಿರುಕು ಬಿಟ್ಟು ಚಕ್ಕೆ ಏಳುತ್ತದೆ. ಕತ್ತರಿಸಿದ ತುದಿಯಲ್ಲಂತೂ ಉಕ್ಕು ಬೆತ್ತಲಾಗಿರುತ್ತದೆ. ಸತು ಭರಿತ ಬಣ್ಣ ಬಳಿದು ಮುಚ್ಚಬೇಕಾದ ಜಾಗಗಳಿವು. ದುಬಾರಿ ಜಿಐ ಕಂಬಿಯನ್ನು ಸಾದಾ ಕಪ್ಪು ಬೈಂಡಿಂಗ್ ವೈರಿನಿಂದ ಕಟ್ಟಿದರೆ ತಾಗಿದ ಕಡೆಯಲ್ಲೆಲ್ಲ ಸತು ಬೇಗ ಸವೆಯುತ್ತದೆ. ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕಿನ ಬದಲು ಕೈಗೆ ಸಿಕ್ಕ ಜಲ್ಲಿ ಚೂರನ್ನು ಕಂಬಿಯಡಿ ಇಡುವುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಗೊಳಿಸುತ್ತದೆ, ಏಕೆಂದರೆ ಮೋಲ್ಡ್ ಹಾಕುವಾಗ, ಅಂದರೆ ಕಾಂಕ್ರೀಟ್ ಸುರಿಯುವಾಗ, ಅದು ಜಾರಿ ಕಂಬಿ ಸೆಂಟ್ರಿಂಗ್ ಹಲಗೆಯ ಮೇಲೇ ಕೂರುತ್ತದೆ.

ಆದ್ದರಿಂದ ಜಿಐ ಕಂಬಿಗೆ ಮುಂಗಡ ಕೊಡುವ ಮೊದಲು ನೀರಿನ ವರದಿ ತರಿಸಿ. ಮಿತಿ ಮೀರಿದ್ದರೆ ಮೊದಲು ನೀರನ್ನೇ ಬದಲಿಸಿ. ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, ಎಷ್ಟು ಬೇಕೆಂದು ಎಂಜಿನಿಯರಿಂದ ನಕ್ಷೆಯಲ್ಲೇ ಬರೆಸಿಕೊಂಡು, ಮೋಲ್ಡಿನ ದಿನ ನೀವೇ ನಿಂತು ಅಳೆದು ನೋಡಿ. ಆಮೇಲೂ ಹಣ ಉಳಿದರೆ, ಸದಾ ತೇವದಲ್ಲಿರುವ ನೆಲದಡಿಯ ನೀರಿನ ಸಂಪ್‌ಗೆ ಮತ್ತು ತಾರಸಿಯ ತೊಟ್ಟಿಗೆ ಸತು ಲೇಪಿತ ಕಂಬಿ ಹಾಕಿಸಿ.