22 ಗುಮ್ಮಟಗಳ ಮರದ ಚರ್ಚು: ಕಿಝಿ ದ್ವೀಪದಲ್ಲಿ ಮಳೆನೀರಿನ ಲೆಕ್ಕಾಚಾರ

ರಷ್ಯಾದ ಕರೇಲಿಯಾ, ಒನೆಗಾ ಸರೋವರದ ಕಿಝಿ ದ್ವೀಪ. ನೀರಿನಾಚೆ ಬೆಳ್ಳಿಯಂತೆ ಹೊಳೀತಿರೋ ಗುಮ್ಮಟಗಳ ರಾಶಿ ಇದೆಯಲ್ಲ, ಅದು ಸುತ್ತಲಿನ ಹಳ್ಳಿಗಳಿಗೆಲ್ಲ ಸೇರಿದ ಆರ್ಥೊಡಾಕ್ಸ್ ಪ್ಯಾರಿಷ್ ಚರ್ಚು. ಕಟ್ಟಿದ್ದು 1714ರಲ್ಲಿ, ಎತ್ತರ 37 ಮೀಟರ್. ಗುಮ್ಮಟದ ಮೇಲಿರೋದು ತಗಡಲ್ಲ, ಮರ.

ಒಳಗೆ ಒಲೆ ಇಲ್ಲ, ಹಾಗಾಗಿ ಇದು ಬೇಸಿಗೆಯ ಚರ್ಚು. ಚಳಿಗಾಲದ ಪ್ರಾರ್ಥನೆಗೆ ಪಕ್ಕದಲ್ಲೇ 9 ಗುಮ್ಮಟದ ಪೊಕ್ರೊವ್ ಚರ್ಚು, 1764ರದ್ದು.

ಈಗ ಗುಮ್ಮಟ ಎಣಿಸೋಣ. ನಡುವೆ ಎಂಟು ಮೂಲೆಯ ಅಟ್ಟಣೆ, ಅದರ ಮೇಲೆ ಇನ್ನೊಂದು ಚಿಕ್ಕದು, ಮತ್ತೂ ಒಂದು. ನಾಲ್ಕು ದಿಕ್ಕಿಗೆ ನಾಲ್ಕು ಚಾಚು. ಕೆಳಗಿನಿಂದ 4, 4, 8, 4, ನೆತ್ತಿಗೆ 1. ಪೂರ್ವದಲ್ಲಿ ಬಲಿಪೀಠದ ಮೇಲೆ ಒಂದು. ಒಟ್ಟು 22.

ಗೋಡೆ ಪೈನ್ ಮರದ ದಿಮ್ಮಿಗಳದ್ದು. ಅಡ್ಡಡ್ಡ ಜೋಡಿಸಿ, ಮೂಲೆಯಲ್ಲಿ ಕಚ್ಚು ಹೊಡೆದು ಒಂದಕ್ಕೊಂದು ಸಿಕ್ಕಿಸಿದ್ದಾರೆ. ‘ಒಂದು ಮೊಳೆಯೂ ಇಲ್ಲ’ ಅನ್ನೋದು ಪ್ರವಾಸಿಗರ ಮಾತು. ಗೋಡೆಗೆ ಬೇಕಾಗಿಲ್ಲ ನಿಜ, ಆದ್ರೆ ಗುಮ್ಮಟದ ಮರದ ಹಂಚನ್ನ ಹಿಡಿದಿರೋದು ಮೊಳೆಗಳೇ. ಈ ಹಂಚಿಗೆ ಲೆಮೆಖ್ ಅಂತಾರೆ. ಆಸ್ಪೆನ್ ಮರದಿಂದ ಸೀಳಿ, ಕೊಡಲಿಯಲ್ಲಿ ಬಾಗಿಸಿ ಕೆತ್ತಿದ್ದು. ಮಳೆ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗಿ, ಆಮೇಲೆ ಬೆಳ್ಳಿಯಂತೆ ಹೊಳೆಯುತ್ತೆ. ಸುಮಾರು 30,000 ಇವೆ.

ಗೋಡೆಯ ಮೇಲ್ತುದಿಗೆ ಕ್ಯಾಮೆರಾ ತರ್ತೀನಿ, ಸ್ವಲ್ಪ ಹೊರಕ್ಕೆ ಚಾಚಿದೆ ನೋಡಿ. ಅಲಂಕಾರ ಅನ್ನಿಸಬಹುದು, ಆದ್ರೆ ಸೂರಿನ ನೀರು ಕೆಳಗಿನ ದಿಮ್ಮಿಗೆ ತಾಗದೆ ದೂರ ಬೀಳಲಿ ಅಂತ ಹೀಗೆ ಮಾಡಿರೋದು. ಇಷ್ಟು ಸಂದಿಗೊಂದಿಯ ಮಾಡು ಎಲ್ಲಾದರೂ ಸೋರಿಯೇ ಸೋರುತ್ತೆ. ಬಡಗಿಗಳಿಗೂ ಅದು ಗೊತ್ತಿತ್ತು. ಗುಮ್ಮಟಗಳ ಕೆಳಗೆ, ಕಣ್ಣಿಗೆ ಬೀಳದ ಹಾಗೆ, ಹಲಗೆಯ ಇನ್ನೊಂದು ಇಳಿಜಾರು ಮಾಡು ಇದೆ. ಸೋರಿದ ನೀರನ್ನ ಹಿಡಿದು ಕಿರುಕಾಲುವೆಯಲ್ಲಿ ಹೊರಗೆ ಸಾಗಿಸುತ್ತೆ. ಇಡೀ ಕಟ್ಟಡದಲ್ಲಿ ನಂಗೆ ಅತಿ ಜಾಣ ಅನ್ನಿಸೋದು ಇದೇ ಭಾಗ.

ಕೆಟ್ಟಿದ್ದು ರಿಪೇರಿಗಳಿಂದಲೂ ಹೌದು. 19ನೇ ಶತಮಾನದಲ್ಲಿ ಗೋಡೆಗೆ ಹಲಗೆ ಬಡಿದು, ಗುಮ್ಮಟಕ್ಕೆ ತಗಡು ಹೊದಿಸಿದ್ರು. 1950ರ ದಶಕದಲ್ಲಿ ಎರಡನ್ನೂ ಕಿತ್ತರು. ದಿಮ್ಮಿಗಳು ಕೊಳೆತು ಗೋಡೆ ವಾಲಿದಾಗ, 1980ರ ದಶಕದ ಆರಂಭದಲ್ಲಿ ಒಳಗೆ ಉಕ್ಕಿನ ಚೌಕಟ್ಟು ನಿಲ್ಲಿಸಿದ್ರು. ಬೀಳೋದು ತಪ್ಪಿತು, ಚರ್ಚು ಮುಚ್ಚಿತು. ಆದ್ರೆ ಮರ ತೇವಕ್ಕೆ ಉಬ್ಬುತ್ತೆ, ಒಣಗಿದ್ರೆ ಕುಗ್ಗುತ್ತೆ, ವರ್ಷ ಕಳೆದ ಹಾಗೆ ಕುಸಿಯುತ್ತೆ. ಉಕ್ಕು ಅದರ ಜೊತೆ ಕುಸಿಯಲ್ಲ.

ಕೊನೆಗೆ ಚರ್ಚನ್ನ ಅಡ್ಡಲಾಗಿ ಏಳು ಪಟ್ಟಿಗಳಾಗಿ ಲೆಕ್ಕ ಹಾಕಿದ್ರು. ಮೇಲಿನದ್ದನ್ನ ಜಾಕಿಯಲ್ಲಿ ಎತ್ತಿ ಹಿಡಿದು, ಅಡಿಯ ಪಟ್ಟಿ ಬಿಚ್ಚಿ, ಪಕ್ಕದ ಕಾರ್ಯಾಗಾರದಲ್ಲಿ ಕೊಳೆತಷ್ಟನ್ನೇ ಕತ್ತರಿಸಿ ಹೊಸ ಪೈನ್ ಕೂಡಿಸಿ, ಮತ್ತೆ ಜೋಡಿಸೋದು. ಆಮೇಲೆ ಅದರ ಮೇಲಿನ ಪಟ್ಟಿ. ಪೂರ್ತಿ ದಿಮ್ಮಿ ಬದಲಿಸಿದ್ದು ಬೇರೆ ದಾರಿ ಇಲ್ಲದಿದ್ದಾಗ ಮಾತ್ರ. 2020ರಲ್ಲಿ ಬಾಗಿಲು ತೆರೀತು. ಹತ್ತಿರದಿಂದ ತೋರಿಸ್ತೀನಿ: ಬೂದು ದಿಮ್ಮಿಯ ನಡುವೆ ತಿಳಿ ಬಣ್ಣದ ತುಂಡು ಕಂಡ್ರೆ, ಅದು ಹೊಸದು.